ಸೊಟ್ಟ ಚರ್ಚನ್ನು ನೆಟ್ಟಗೆ ಮಾಡಿದ್ದು

ನನ್ನ ಆಫೀಸಿನ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಚರ್ಚಿನ ಮಾಡು ಇದೆ. ಗಾಬರಿಯಾಗಬೇಡಿ, ಗೇಣಿಗಿಂತ ತುಸು ಉದ್ದದ ಮರದ ಛಾವಣಿ. ಮಗುಚಿ ಇಟ್ಟರೆ ದೋಣಿಯ ಹಾಗೆ ಕಾಣುತ್ತದೆ. ಅದರೊಳಗೆ ಸ್ಟೇಪ್ಲರ್ ಪಿನ್ನು, ರಬ್ಬರು, ಮುಚ್ಚಳ ಕಳೆದುಕೊಂಡ ಪೆನ್ನುಗಳು ಸಂಸಾರ ಹೂಡಿವೆ. ಮೊನ್ನೆ ಪಿನ್ನು ಹುಡುಕುವಾಗ ಅದು ಕೈಗೆ ಸಿಕ್ಕಿ, ಎದುರಿಗಿದ್ದ ಕೆಲಸ ಬಿಟ್ಟು ನಾನು ಅರ್ಧ ಗಂಟೆ ಸುಮ್ಮನೆ ಕೂತೆ. ಆ ಮಾಡಿನಲ್ಲಿ ಒಂದೇ ಒಂದು ದೋಷವಿದೆ. ಅದು ನೇರವಾಗಿದೆ.

ನಾನು ಅಬುಧಾಬಿಯ ಕಾರ್ಖಾನೆಗಳ ಬಡಾವಣೆ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ನಕ್ಷೆ ಬರೆಯುವವನು. ನಮ್ಮದು ಕಟ್ಟಡಗಳ ಪುಟ್ಟ ಮಾದರಿಗಳನ್ನು ಮಾಡುವ ಅಂಗಡಿ. ಹೊಸ ಟವರು ಕಟ್ಟುವವರು ಅದರ ಆಳೆತ್ತರದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಒಳಗೆ ದೀಪ ಹಾಕಿ ಜನರಿಗೆ ತೋರಿಸುತ್ತಾರಲ್ಲ, ಅಂಥವು. ಇಪ್ಪತ್ತನಾಲ್ಕು ವರ್ಷಗಳಿಂದ ನಾನು ಬರೆದದ್ದೆಲ್ಲ ಇನ್ನೂ ಹುಟ್ಟದ ಕಟ್ಟಡಗಳನ್ನೇ. ಹಳೆಯದರ ಸಹವಾಸವೇ ನನಗಿಲ್ಲ. ಈ ದೇಶಕ್ಕೆ ಬಂದಾಗ ನಾನು ಉಳಿದುಕೊಂಡಿದ್ದ ಕಟ್ಟಡವನ್ನು ಒಡೆದು, ಅಲ್ಲಿ ಇನ್ನೊಂದನ್ನು ಕಟ್ಟಿ, ಅದಕ್ಕೂ ಎರಡನೇ ಸಲ ಬಣ್ಣ ಬಳಿದಾಗಿದೆ. ನನಗೀಗ ಐವತ್ತೆರಡು. ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ನನಗಿಂತ ಹಿರಿಯ ಕಟ್ಟಡ ಒಂದೂ ಇಲ್ಲ. ಹಾಗಾಗಿ ಎಲ್ಲ ಕಟ್ಟಡಗಳನ್ನೂ ನಾನು ಸ್ವಲ್ಪ ಏಕವಚನದಲ್ಲೇ ನೋಡುತ್ತೇನೆ.

ಅಂಥವನ ಮೇಜಿಗೆ ಒಂದು ದಿನ ಮಾರ್ಗರೆಟ್ ಮೇಡಂ ಬಂದರು. ಎಪ್ಪತ್ತು ದಾಟಿದ ಇಂಗ್ಲಿಷ್ ಹೆಂಗಸು, ಅಬುಧಾಬಿಯಲ್ಲಿ ಮಗನ ಮನೆಯಲ್ಲಿರುವವರು. ಯಾವುದೋ ಲಾಬಿಯಲ್ಲಿ ನಮ್ಮ ಟವರನ್ನು ನೋಡಿ, ಮಾಡಿದವರು ಯಾರೆಂದು ಕೇಳಿಕೊಂಡು, ಕಬ್ಬಿಣ ಕತ್ತರಿಸುವ ಸದ್ದಿನ ನಡುವೆ ಬಿಳಿ ಟೊಪ್ಪಿ ಹಾಕಿಕೊಂಡು ನಡೆದೇ ಬಂದಿದ್ದರು. ಬ್ಯಾಗಿನಿಂದ ನಾಲ್ಕು ಫೋಟೊ, ಒಂದು ಮಡಚಿದ ಹಳದಿ ಕಾಗದ ತೆಗೆದರು. ಅವರ ಹುಟ್ಟೂರಿನ ಚರ್ಚು. ಅದರ ಮಾದರಿ ಬೇಕು.

ಕಾಗದ ಅವರ ತಂದೆ ಬರೆದ ನಕ್ಷೆ. ತಂದೆ ಆ ಚರ್ಚಿನ ಬೀಗ, ಗಂಟೆ, ಅಂಗಳದ ಹುಲ್ಲು ಎಲ್ಲ ನೋಡಿಕೊಳ್ಳುತ್ತಿದ್ದವರಂತೆ. ಶನಿವಾರಗಳಂದು ಟೇಪು ಹಿಡಿದು ಒಂದೊಂದು ಗೋಡೆಯನ್ನೂ ಅಳೆದು, ಅಡಿ ಇಂಚುಗಳಲ್ಲಿ ಬರೆದಿಟ್ಟಿದ್ದರು.

"ಈ ಚರ್ಚು ಎಷ್ಟು ಹಳತು ಮೇಡಂ?" ಎಂದು ಕೇಳಿದೆ. ನಮ್ಮ ಫಾರ್ಮಿನಲ್ಲಿ ಅದಕ್ಕೊಂದು ಖಾನೆ ಇದೆ.

"ಯಾವ ಭಾಗ?" ಎಂದು ಅವರು ತಿರುಗಿ ಕೇಳಿದರು.

ನನ್ನ ಗೊಂದಲ ಶುರುವಾದದ್ದು ಅಲ್ಲಿಂದ. ಒಂದು ಕಟ್ಟಡಕ್ಕೆ ಒಂದು ವಯಸ್ಸು ಎಂದು ನಂಬಿಕೊಂಡಿದ್ದವನು ನಾನು. ಅವರು ಫೋಟೊದ ಮೇಲೆ ಬೆರಳಿಟ್ಟು ವಿವರಿಸಿದರು. ಈ ದಪ್ಪ ಗೋಡೆ ಎಂಟುನೂರು ವರ್ಷದ್ದಿರಬಹುದು. ಮೇಲೆ ದುಂಡಗಿರುವ ಈ ಕಿಟಕಿಗಳು ಅದೇ ಕಾಲದವು. ಮೇಲೆ ಚೂಪಾಗಿರುವ ಆ ಕಿಟಕಿಗಳು ಎಷ್ಟೋ ತಲೆಮಾರಿನ ನಂತರ ಯಾರೋ ಗೋಡೆ ಒಡೆದು ಕೂರಿಸಿದ್ದು. ಗಂಟೆಯ ಗೋಪುರ ಇನ್ನೂ ತಡವಾಗಿ ಬಂದದ್ದು. ಮಾಡು ಅವರ ಅಜ್ಜಿಯ ಕಾಲದ್ದು. ಬಲಗಡೆಯ ಮುಖಮಂಟಪ ಒಮ್ಮೆ ಬಿದ್ದು, ಮತ್ತೆ ಎದ್ದದ್ದು.

"ಆರ್ಕಿಟೆಕ್ಟ್ ಯಾರು?"

"ಯಾರೂ ಇಲ್ಲ," ಎಂದರು. "ಅಥವಾ ಎಲ್ಲರೂ."

ಫಾರ್ಮಿನ ಆ ಎರಡು ಖಾನೆಗಳನ್ನು ನಾನು ಖಾಲಿ ಬಿಟ್ಟೆ. ಹೊರಡುವಾಗ ಅವರು ಮೂರು ಮಾತು ಹೇಳಿದರು: ಬಣ್ಣ ಬೇಡ, ಗಾಜಿನ ಪೆಟ್ಟಿಗೆ ಬೇಡ, ಮಾಡನ್ನು ಎತ್ತಿ ಪಕ್ಕಕ್ಕಿಡುವ ಹಾಗಿರಲಿ. ಬಣ್ಣ ಬೇಡ ಎಂಬ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೇಳಬೇಕಿತ್ತು. ಕೇಳಲಿಲ್ಲ.

ಈ ಕೆಲಸದಲ್ಲಿ ನನ್ನ ಜೊತೆಗಾರ ಲಾರೆನ್ಸಣ್ಣ. ನಮ್ಮ ಮರಗೆಲಸದ ಫೋರ್‌ಮನ್, ಶಿರ್ವ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನಾನು ಕಟಪಾಡಿಯವನು, ಮನೆಮಾತು ತುಳು, ಅವರ ಬಾಯಲ್ಲಿ ನನ್ನ ಹೆಸರು 'ಸದಾ'. ನಮ್ಮಿಬ್ಬರ ನಡುವೆ ತುಳು, ಕನ್ನಡ ಎರಡೂ ಕಲಸಿಹೋಗಿ, ಯಾವುದು ಎಲ್ಲಿ ಮುಗಿಯಿತೆಂದು ನಮಗೇ ತಿಳಿಯುವುದಿಲ್ಲ. ಚರ್ಚು ಅಂದಮೇಲೆ ಅವರಿಗೆ ಎಲ್ಲ ಗೊತ್ತಿರುತ್ತದೆ ಎಂದು ನಕ್ಷೆಯನ್ನು ಅವರ ಮುಂದೆ ಹರಡಿದೆ.

"ಇದೆಂತ ಸದಾ, ಗೋಡೆಯಲ್ಲಿ ಓರೆಯಾಗಿ ತೂತು?"

"ನಾನು ನಿಮ್ಮನ್ನು ಕೇಳ್ಬೇಕೂಂತ ಇದ್ದೆ."

"ನನ್ನನ್ನು ಎಂತ ಕೇಳ್ತಿ ಮಾರಾಯ? ಇದು ಇಂಗ್ಲಿಷಿನವರ ಚರ್ಚು, ನಮ್ಮದು ಬೇರೆ. ನಿಮ್ಮ ಕೃಷ್ಣ ಮಠದ ವಿಷಯ ಕಾಶಿಯವರನ್ನು ಕೇಳಿದ ಹಾಗಾಯ್ತು ಇದು."

ಆದರೂ ಒಂದು ಭಾನುವಾರ ಅವರು ನನ್ನನ್ನು ತಮ್ಮ ಜೊತೆ ಪೂಜೆಗೆ ಕರೆದುಕೊಂಡು ಹೋದರು. ಒಳಗೆ ಹೇಗಿರುತ್ತದೆ ಎಂದಾದರೂ ನಾನು ನೋಡಲಿ ಅಂತ. ಅಲ್ಲಿ ಒಂದೇ ಆವರಣದಲ್ಲಿ ಹಲವು ಭಾಷೆಯ ಪೂಜೆ. ಮಾತಾಡುತ್ತಾ ಮಾತಾಡುತ್ತಾ ನಾವು ಒಂದು ಹಾಲಿಗೆ ನುಗ್ಗಿ ಎರಡನೇ ಸಾಲಿನಲ್ಲಿ ಕೂತೆವು. ನಾನು ಭಕ್ತಿಯಿಂದ ಕಂಬ ಎಣಿಸುತ್ತಿದ್ದೆ. ಹತ್ತು ನಿಮಿಷ ಆದಮೇಲೆ, ಪಕ್ಕದಲ್ಲಿ ಲಾರೆನ್ಸಣ್ಣನ ತುಟಿ ಅಲ್ಲಾಡುತ್ತಿಲ್ಲ ಎಂಬುದು ಗಮನಕ್ಕೆ ಬಂತು.

"ಇದು ಕೊಂಕಣಿಯಾ?" ಎಂದು ಪಿಸುಗುಟ್ಟಿದೆ.

"ಅಲ್ಲ. ಮಲಯಾಳ. ಏಳ್ಬೇಡ, ಎಲ್ಲ ನೋಡ್ತಾರೆ. ದೇವರಿಗೆ ಅರ್ಥ ಆಗ್ತದೆ."

ನನಗೆ ಅಲ್ಲಿ ತಿಳಿದದ್ದು ಇಷ್ಟೆ: ಆ ಹಾಲಿನ ಮೂಲೆಗಳೆಲ್ಲ ನೇರವಾಗಿದ್ದವು. ಇದು ಮುಂದೆ ಕಷ್ಟಕ್ಕೆ ಬಂತು.

ಮನೆಯಲ್ಲಿ ನನ್ನ ಮಗಳು ಶ್ರೇಯಾ ಹನ್ನೊಂದನೆಯ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಜನ ಕೂರುವ ಉದ್ದನೆಯ ಹಜಾರಕ್ಕೆ ನಕ್ಷೆಯಲ್ಲಿ 'ನೇವ್' ಎಂದು ಬರೆದಿತ್ತು. ಅದೇನೆಂದು ಕೇಳಿದೆ. ಫೋನು ನೋಡಿ, "ಇಟ್ಸ್ ಫ್ರಮ್ ಶಿಪ್, ಪಪ್ಪಾ. ಲೈಕ್ ನೇವಿ," ಎಂದಳು. ಹಡಗು ಯಾಕೆ ಎಂದೆ. "ಐ ಡೋಂಟ್ ನೋ. ಬಿಕಾಸ್ ರೂಫ್?" ಎಂದಳು. ನಾನು ಮತ್ತೆ ಕೇಳಲಿಲ್ಲ. ದಿಕ್ಕುಗಳ ಬಗ್ಗೆ ನನ್ನದೇ ತಲೆನೋವು ಬೇರೆ ಇತ್ತು. ನಮ್ಮ ಊರಿನಲ್ಲಿ ಬಾಗಿಲು ಪೂರ್ವಕ್ಕಿದ್ದರೆ ಒಳ್ಳೆಯದು. ಇಲ್ಲಿ ಗೋಪುರ ಪಶ್ಚಿಮಕ್ಕೆ, ಪಾದ್ರಿ ನಿಲ್ಲುವ ಗರ್ಭಗುಡಿಯಂಥ ಜಾಗ ಪೂರ್ವಕ್ಕೆ, ಜನ ಹೋಗಿಬರುವ ಬಾಗಿಲು ದಕ್ಷಿಣಕ್ಕೆ. ಉತ್ತರದ ಗೋಡೆಯಲ್ಲಿ ಒಂದು ಬಾಗಿಲಿತ್ತು, ಅದನ್ನು ಕಲ್ಲಿನಿಂದ ಮುಚ್ಚಿಬಿಟ್ಟಿದ್ದರು. ಯಾಕೆಂದು ಮೇಡಂಗೆ ಫೋನ್ ಮಾಡಿ ಕೇಳಿದೆ. "ಮಗುವಿಗೆ ನಾಮಕರಣ ಆಗುವಾಗ ಸೈತಾನ ಆ ಬಾಗಿಲಿನಿಂದ ಹೊರಗೆ ಹೋಗುತ್ತಾನೆ ಅಂತ ಕೆಲವರು ಹೇಳುತ್ತಾರೆ. ಗಾಳಿ ಬರುತ್ತಿತ್ತು, ಅದಕ್ಕೆ ಮುಚ್ಚಿದರು ಅಂತ ನನ್ನ ತಂದೆ ಹೇಳುತ್ತಿದ್ದರು," ಎಂದರು. ಎರಡರಲ್ಲಿ ಯಾವುದು ಸರಿ ಎಂದರೆ, "ಗೊತ್ತಿಲ್ಲ," ಎಂದು ನಕ್ಕರು.

ನಿಜವಾದ ತೊಂದರೆ ಬಂದದ್ದು ಅಳತೆಯಲ್ಲಿ. ಹಜಾರದ ಉತ್ತರದ ಗೋಡೆ ನಲವತ್ತೆರಡು ಅಡಿ. ಎದುರಿನ ದಕ್ಷಿಣದ ಗೋಡೆ ನಲವತ್ತಮೂರೂವರೆ. ಹೀಗಿರಲು ಸಾಧ್ಯವೇ? ಎದುರುಬದುರಿನ ಗೋಡೆಗಳು ಸಮ ಇರಬೇಕು ಎಂಬುದು ನಾನು ಮಣಿಪಾಲದಲ್ಲಿ ಡಿಪ್ಲೊಮಾ ಮಾಡುವಾಗ ಮೊದಲ ವಾರ ಕಲಿತ ವಿಷಯ. ಇನ್ನು ಪಾದ್ರಿಯ ಜಾಗದ ಗೋಡೆಗಳನ್ನು ಬರೆದರೆ ಕೊನೆಯ ಗೆರೆ ಮೊದಲ ಗೆರೆಗೆ ಬಂದು ಮುಟ್ಟುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಹಜಾರದ ಮೇಲೆ ಮೂಲೆಯಿಂದ ಮೂಲೆಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, ದೊಡ್ಡ ಗುಣಾಕಾರ ಚಿಹ್ನೆ ಹಾಕಿದ್ದರು. ನಾನು ಅದನ್ನು ಹೀಗೆ ಓದಿದೆ: ಪಾಪ, ಅಳೆದ ಅಜ್ಜನಿಗೆ ತಪ್ಪಾಗಿದೆ ಎಂದು ಗೊತ್ತಾಗಿ ಅವರೇ ಕಾಟು ಹಾಕಿದ್ದಾರೆ.

ನಮ್ಮ ಕಂಪ್ಯೂಟರಿನಲ್ಲಿ ಒಂದು ಕೀಲಿ ಇದೆ. ಅದನ್ನು ಒತ್ತಿಟ್ಟರೆ ಮತ್ತೆ ನೀವು ಎಷ್ಟು ಕೈ ನಡುಗಿಸಿದರೂ ಗೆರೆ ನೇರವಾಗಿಯೇ ಬರುತ್ತದೆ. ನನ್ನ ಕಂಪ್ಯೂಟರಿನಲ್ಲಿ ಅದು ಯಾವಾಗಲೂ ಒತ್ತಿಯೇ ಇರುತ್ತದೆ. ಎರಡು ಅಳತೆಯ ನಡುವಿನದ್ದನ್ನು ಹಿಡಿದು, ಎರಡೂ ಗೋಡೆಯನ್ನು ಸಮ ಮಾಡಿ, ಇಡೀ ಚರ್ಚನ್ನು ಒಂದು ಗೆರೆಯ ಮೇಲೆ ತಂದು ನಿಲ್ಲಿಸಿದೆ. ಎಷ್ಟೋ ಶತಮಾನ ಯಾರೂ ಮಾಡದ ಕೆಲಸವನ್ನು ಮಧ್ಯಾಹ್ನದ ಊಟದ ಮೊದಲು ಮುಗಿಸಿದ ಹೆಮ್ಮೆಯಿಂದ ಎದ್ದು ಹೋಗಿ ಊಟ ಮಾಡಿದೆ.

ಲಾರೆನ್ಸಣ್ಣ ಬೀಚ್ ಮರದಲ್ಲಿ ಚೆಂದವಾಗಿ ಮಾಡಿದರು. ಗೋಪುರ, ಮಾಡು, ಗೋಡೆಗೆ ಆನಿಸಿ ನಿಂತ ಊರೆಗಂಬಗಳು, ಒಳಗೆ ಸಾಲು ಬೆಂಚು. ಮೇಡಂ ಬಂದರು. ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಗೋಡೆಯ ಮೇಲೆ ಕೈಯಾಡಿಸಿದರು. ನನಗದು ವಿಚಿತ್ರ ಕಂಡಿತು. ಕಣ್ಣು ತೆರೆದು ಬಹಳ ಮೆಲ್ಲಗೆ ಕೇಳಿದರು:

"ತುಂಬ ಚೆನ್ನಾಗಿದೆ. ಇದು ಯಾವ ಚರ್ಚು?"

ನಾನು, ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ, ಅವರಿಗೆ ವಿವರಿಸಲು ಹೊರಟೆ. ಎರಡು ಗೋಡೆಯ ಅಳತೆ ಸಮ ಇಲ್ಲದಿರುವುದು ಅಸಾಧ್ಯ ಮೇಡಂ. ಹಳೆಯ ಟೇಪು ಎಳೆದುಹೋಗಿರುತ್ತದೆ. ನಿಮ್ಮ ತಂದೆ ಅಳೆಯುವಾಗ ಎಲ್ಲೋ ತಪ್ಪಿದ್ದಾರೆ. ನಾವು ಸರಿಮಾಡಿದ್ದೇವೆ.

ಅವರು ಕೋಪಿಸಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂತರು. "ಚರ್ಚು ಸೊಟ್ಟಗೇ ಇದೆ," ಎಂದರು. "ಒಳಗೆ ನಿಂತು ನೋಡಿದರೆ ಮುಂದಿನ ಭಾಗ ಎಡಕ್ಕೆ ವಾಲುತ್ತದೆ. ಶಿಲುಬೆಯ ಮೇಲೆ ಯೇಸು ತಲೆ ವಾಲಿಸಿದ ಹಾಗೆ ಕಟ್ಟಿದ್ದು ಅಂತ ಪಾದ್ರಿ ಹೇಳುತ್ತಿದ್ದರು. ಕಟ್ಟುವವರಿಗೆ ತಪ್ಪಿದ್ದು ಅಂತ ಊರಿನವರು ಹೇಳುತ್ತಿದ್ದರು. ನನ್ನ ತಂದೆ ಏನೂ ಹೇಳಲಿಲ್ಲ, ಅಳೆದರು."

ಕನ್ನಡಕವನ್ನು ಬ್ಯಾಗಿಗೆ ಸೇರಿಸುತ್ತಾ ಹೇಳಿದರು. "ಇದು ನನಗಲ್ಲ. ನನ್ನ ಅಣ್ಣನಿಗೆ. ಅವನಿಗೆ ಕಣ್ಣು ಹೋಗಿ ಆರು ವರ್ಷವಾಯಿತು. ಊರಿನಲ್ಲಿ ಜನ ಕಡಿಮೆಯಾಗಿ ಚರ್ಚು ಮುಚ್ಚಿ, ಈಗ ಅದನ್ನು ಯಾರೋ ವಾಸಕ್ಕೆ ತೆಗೆದುಕೊಂಡಿದ್ದಾರೆ. ಅವನು ಇನ್ನು ಒಳಗೆ ಹೋಗುವ ಹಾಗಿಲ್ಲ. ಅವನ ಎಂಬತ್ತನೇ ಹುಟ್ಟುಹಬ್ಬಕ್ಕೆ ಹನ್ನೆರಡು ದಿನ ಇದೆ. ಅವನು ಬೆರಳಿನಲ್ಲಿ ನೋಡುತ್ತಾನೆ."

ಬಣ್ಣ ಯಾಕೆ ಬೇಡ, ಗಾಜು ಯಾಕೆ ಬೇಡ, ಮಾಡು ಯಾಕೆ ಎತ್ತುವಂತಿರಬೇಕು, ಎಲ್ಲ ಒಮ್ಮೆಗೇ ತಿಳಿಯಿತು. ತಿಳಿದದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಅವರು ಹೋದಮೇಲೆ ನನಗೆ ನೆನಪಾದದ್ದು ನನ್ನ ಅಪ್ಪ. ಅಪ್ಪ ಕಟಪಾಡಿಯಲ್ಲಿ ದರ್ಜಿ. ನಮ್ಮ ಪೋಸ್ಟ್‌ಮ್ಯಾನ್ ಅಂಗಿ ಹೊಲಿಸುತ್ತಿದ್ದದ್ದು ಅಪ್ಪನ ಹತ್ತಿರವೇ. ವರ್ಷಗಟ್ಟಲೆ ಚೀಲ ಹೊತ್ತು ಅವರ ಎಡ ಹೆಗಲು ಇಳಿದುಹೋಗಿತ್ತು. ಅಪ್ಪ ಬೇರೆ ಗಿರಾಕಿಗಳ ಒಂದು ಹೆಗಲಿನ ಅಳತೆ ತೆಗೆದರೆ, ಇವರ ಎರಡೂ ಹೆಗಲಿನದ್ದನ್ನು ಬೇರೆಬೇರೆ ತೆಗೆದು ಬರೆದುಕೊಳ್ಳುತ್ತಿದ್ದರು. ಹೊಲಿದ ಅಂಗಿ ಮೊಳೆಗೆ ನೇತುಹಾಕಿದ್ದಾಗ ಒಂದು ಕಡೆಗೆ ಜಗ್ಗಿಕೊಂಡಿರುತ್ತಿತ್ತು. ಆರನೇ ಕ್ಲಾಸಿನ ಪಂಡಿತನಾದ ನಾನು ಅವರ ಎದುರಿಗೇ "ಅಪ್ಪಾ, ಅಂಗಿ ಸೊಟ್ಟ ಆಗಿದೆ!" ಎಂದು ಕೂಗಿದ್ದೆ. ಅಪ್ಪ ಅಂಗಿಯನ್ನು ಅವರಿಗೆ ತೊಡಿಸಿದರು. ಮೈಮೇಲೆ ಅದು ಗೆರೆ ಎಳೆದ ಹಾಗೆ ನೇರ ಕೂತಿತು. ಪೋಸ್ಟ್‌ಮ್ಯಾನ್ ನನ್ನತ್ತ ನೋಡಿ ನಕ್ಕರು. ಅಪ್ಪ ನಗಲಿಲ್ಲ. ಒಳಗೆ ಕರೆದು, "ಅವರ ಹೆಗಲಿನ ವಿಷಯ ಅವರ ಎದುರು ಮಾತಾಡ್ಬಾರದು," ಎಂದಷ್ಟೇ ಹೇಳಿದರು. ನಾನು ಮಾತಾಡಿದ್ದು ಅಂಗಿಯ ವಿಷಯ ಅಲ್ಲವೇ, ಹೆಗಲಿನದ್ದು ಹೇಗಾಯಿತು ಎಂದು ಬಹಳ ದಿನ ಯೋಚಿಸಿದ್ದೆ.

ಆ ಸಂಜೆ ನಕ್ಷೆಯನ್ನು ಲಾರೆನ್ಸಣ್ಣನ ಬೆಂಚಿನ ಮೇಲೆ ಹರಡಿ ಇಬ್ಬರೂ ಬಗ್ಗಿ ನೋಡಿದೆವು. ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಆ ಗುಣಾಕಾರ ಚಿಹ್ನೆಯ ಮೇಲೆ ಇಟ್ಟರು.

"ಇದೆಂತ?"

"ತಪ್ಪಾಗಿದೆ ಅಂತ ಅಜ್ಜನೇ ಕಾಟು ಹಾಕಿದ್ದು."

"ಕಾಟು ಹಾಕಿದ್ದರ ಪಕ್ಕ ಯಾರಾದ್ರೂ ಅಡಿ ಇಂಚು ಬರೀತಾರಾ ಮಾರಾಯ?"

ಬಗ್ಗಿ ನೋಡಿದೆ. ಎರಡೂ ಗೆರೆಗಳ ಬೆನ್ನ ಮೇಲೆ ಇರುವೆಯಷ್ಟು ಸಣ್ಣ ಅಂಕಿಗಳಿದ್ದವು.

"ಸದಾ, ಬಾಗಿಲಿನ ಚೌಕಟ್ಟು ಮಾಡಿದ್ಮೇಲೆ ಮೂಲೆ ಸರಿ ಉಂಟಾ ಅಂತ ನೋಡ್ಲಿಕ್ಕೆ ನಾವೆಂತ ಮಾಡ್ತೇವೆ? ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯುವುದು. ಇವರೂ ಹಿಡಿದಿದ್ದಾರೆ. ಚರ್ಚು ಸೊಟ್ಟ ಅಂತ ಇವರಿಗೆ ಗೊತ್ತುಂಟು. ಎಷ್ಟು ಸೊಟ್ಟ ಅಂತ ಬರೆದಿಟ್ಟಿದ್ದಾರೆ."

ನಾನು ಕಂಪ್ಯೂಟರಿಗೆ ಹೋಗಿ ಆ ಕೀಲಿಯನ್ನು ಬಿಡಿಸಿದೆ. ಆ ಎರಡು ಓರೆ ಅಳತೆಗಳನ್ನು ಹಿಡಿದು, ಒಂದೊಂದೇ ಮೂಲೆಯನ್ನು ಹುಡುಕುತ್ತಾ ಬರೆದೆ. ಗೆರೆಗಳು ಎಡಕ್ಕೆ ವಾಲಿದವು. ಗೋಪುರ ತುಸು ಪಕ್ಕಕ್ಕೆ ಸರಿಯಿತು. ಗೋಡೆಯಲ್ಲಿನ ಆ ಓರೆ ತೂತು, ನೇರ ಚರ್ಚಿನಲ್ಲಿ ಬರಿಯ ಗೋಡೆಯನ್ನು ನೋಡುತ್ತಿದ್ದದ್ದು, ಈಗ ಪಾದ್ರಿ ನಿಲ್ಲುವ ಪೀಠಕ್ಕೇ ನೇರವಾಗಿ ತೆರೆದುಕೊಂಡಿತು. ಮೂಲೆಯಲ್ಲಿ ಕೂತವರಿಗೂ ಪೂಜೆ ಕಾಣಲಿ ಎಂದು ಕೊರೆದದ್ದು ಅದು. ಕೊನೆಯ ಗೆರೆ ಬಂದು ಮೊದಲ ಗೆರೆಯನ್ನು ಮುಟ್ಟಿದಾಗ ಒಂದು ಇಂಚಿನ ವ್ಯತ್ಯಾಸವೂ ಇರಲಿಲ್ಲ. ಆ ಮನುಷ್ಯ ಶನಿವಾರಗಳಲ್ಲಿ, ಹಳೆಯ ಟೇಪಿನಲ್ಲಿ ಅಳೆದದ್ದು!

ಮರುದಿನ ಮೇಡಂಗೆ ಫೋನ್ ಮಾಡಿದೆ. "ನಿಮ್ಮ ತಂದೆಯದ್ದು ತಪ್ಪಿಲ್ಲ, ನನ್ನದು ತಪ್ಪು," ಎಂದೆ. "ಅವರು ಇದ್ದಿದ್ದರೆ ನಿಮ್ಮ ಜೊತೆ ಒಂದು ದಿನವಿಡೀ ಮಾತಾಡುತ್ತಿದ್ದರು," ಎಂದರು. ನೇರ ಚರ್ಚಿನ ಮಾಡು ನನ್ನ ಖಾನೆ ಸೇರಿತು. ಹನ್ನೊಂದನೆಯ ದಿನ ಮೇಡಂ, ಲಾರೆನ್ಸಣ್ಣ ಹೊಸದಾಗಿ ಮಾಡಿದ ಸೊಟ್ಟ ಚರ್ಚನ್ನು ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ವಿಮಾನ ಹತ್ತಿದರು.

ವಾರದ ನಂತರ ಒಂದು ಬೆಳಿಗ್ಗೆ ಅವರಿಂದ ವಿಡಿಯೊ ಬಂತು. ಲಾರೆನ್ಸಣ್ಣನನ್ನು ಕರೆದೆ. ಇಬ್ಬರೂ ಚಹಾದ ಲೋಟ ಹಿಡಿದು ನೋಡಿದೆವು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಬರಿಯ ಎರಡು ಮುದಿ ಕೈಗಳು. ಮೊದಲು ಗೋಪುರದ ನಾಲ್ಕು ಮೂಲೆ ಮುಟ್ಟಿದವು. ಮುಖಮಂಟಪಕ್ಕೆ ಇಳಿದವು. ಯಾರೋ ಮಾಡನ್ನು ಎತ್ತಿ ಪಕ್ಕಕ್ಕಿಟ್ಟರು. ಬೆರಳುಗಳು ಬೆಂಚುಗಳ ನಡುವೆ ನಡೆದುಹೋಗಿ, ಚರ್ಚು ವಾಲುವಲ್ಲಿಗೆ ಬಂದಾಗ ತಾವೂ ಎಡಕ್ಕೆ ವಾಲಿದವು. "ಹಾಂ," ಎಂದು ಒಂದು ದನಿ, ನಗು. ಲಾರೆನ್ಸಣ್ಣ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ಆಮೇಲೆ ಕೈ ಹೊರಗೆ ಬಂತು. ಗೋಡೆ ಸವರುತ್ತಾ ಉತ್ತರಕ್ಕೆ, ಆ ಮುಚ್ಚಿದ ಬಾಗಿಲಿನ ಪಕ್ಕಕ್ಕೆ ಬಂದು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು.

"ಕಲ್ಲು ಎಲ್ಲಿ?" ಎಂದರು ಮೇಡಂ ಅವರ ಅಣ್ಣ.

"ಯಾವ ಕಲ್ಲು?" ಮೇಡಂ ದನಿ.

"ಇಲ್ಲಿ ಒಂದು ಕಲ್ಲು ಇತ್ತಲ್ಲ. ಅಪ್ಪ ಬೀಗ ಹಾಕಿ ಬರುವವರೆಗೆ ನಾನು ಕೂರುತ್ತಿದ್ದದ್ದು."

ವಿಡಿಯೊ ಅಲ್ಲಿಗೆ ಮುಗಿಯಿತು.

ನನಗೆ ತಲೆ ಕೆಟ್ಟುಹೋಯಿತು. ನಕ್ಷೆ ತೆಗೆದು ನೋಡಿದೆ, ಕಲ್ಲು ಇಲ್ಲ. ಫೋಟೊ ನೋಡಿದೆ, ಆ ಜಾಗದಲ್ಲಿ ಗೋಡೆಗೆ ಬಳ್ಳಿ ದಟ್ಟವಾಗಿ ಹಬ್ಬಿದೆ. ಮೇಡಂ ಏಳೆಂಟು ವರ್ಷ ಕಿರಿಯರು, ಅವರಿಗೆ ಅಂಥದ್ದೇನೂ ನೆನಪಿಲ್ಲ. ಚರ್ಚಿಗೆ ಹೋಗಿ ನೋಡೋಣವೆಂದರೆ ಅದು ಈಗ ಬೇರೆಯವರ ಮನೆ. ಒಂದು ಇಂಚನ್ನೂ ಬಿಡದೆ ಅಳೆದ ತಂದೆ ಕೂರುವಷ್ಟು ದೊಡ್ಡ ಕಲ್ಲನ್ನು ಬಿಡುತ್ತಾರೆಯೇ? ಎಂಬತ್ತು ವರ್ಷದವರ ನೆನಪು ಬೇರೆ ಯಾವುದೋ ಗೋಡೆಯ ಕಲ್ಲನ್ನು ತಂದು ಇಲ್ಲಿಟ್ಟಿತೇ? ಒಂದು ಸಲ ನಕ್ಷೆಯನ್ನು ನಂಬದೆ ಪೆಟ್ಟು ತಿಂದವನು ನಾನು. ಈಗ ನಕ್ಷೆಯನ್ನು ನಂಬಬೇಕೋ ಬಿಡಬೇಕೋ ಎಂದೇ ತಿಳಿಯಲಿಲ್ಲ.

ಲಾರೆನ್ಸಣ್ಣ ಚಹಾ ಮುಗಿಸಿ ಲೋಟ ಕೆಳಗಿಟ್ಟರು.

"ಅಳೆಯುವಾಗ ಟೇಪಿನ ಆ ತುದಿ ಹಿಡಿದುಕೊಂಡು ಹುಡುಗ ಆ ಕಲ್ಲಿನ ಮೇಲೆಯೇ ಕೂತಿದ್ದನೋ ಏನೋ. ಅಪ್ಪನಿಗೆ ಮಗ ಕಂಡಿರ್ತಾನೆ, ಕಲ್ಲು ಕಂಡಿರ್ಲಿಕ್ಕಿಲ್ಲ," ಎಂದರು.

ನಾನು ಮೇಡಂಗೆ ಬರೆದೆ: ಕಲ್ಲಿನ ಅಳತೆ ಅಣ್ಣನವರಿಗೆ ನೆನಪಿದೆಯೇ? ಸಂಜೆ ಉತ್ತರ ಬಂತು. "ಕೂತರೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆಗ ನನಗೆ ಏಳು ವರ್ಷ." ಅಷ್ಟೇ. ಈ ವೃತ್ತಿಯಲ್ಲಿ ನನಗೆ ಅಡಿಯಲ್ಲಿ, ಮೀಟರಿನಲ್ಲಿ ಅಳತೆ ಕೊಟ್ಟವರಿದ್ದಾರೆ. ಹೀಗೆ ಕೊಟ್ಟವರಿರಲಿಲ್ಲ.

ಏಳು ವರ್ಷದ ಹುಡುಗನ ಮೊಣಕಾಲಿನಿಂದ ಪಾದದವರೆಗೆ ಎಷ್ಟಿರಬಹುದೆಂದು ಲೆಕ್ಕ ಹಾಕಿದೆ. ಕಾಲು ತಾಗದಿರಲು ಕಲ್ಲು ನಲವತ್ತೈದು ಸೆಂಟಿಮೀಟರ್ ಎತ್ತರವಿದ್ದರೆ ಸಾಕು. ನಮ್ಮ ಮಾದರಿ ಐವತ್ತರಲ್ಲಿ ಒಂದು ಪಾಲು. ಲಾರೆನ್ಸಣ್ಣ ಅದೇ ಬೀಚ್ ಮರದ ಒಂದು ತುಂಡನ್ನು ಹಿಡಿದು, ಗರಗಸದ ಮುಂದೆ ನನ್ನ ಮಾತಿಗೆ ಕಾಯುತ್ತಿದ್ದರು.

"ಒಂಬತ್ತು ಮಿಲಿಮೀಟರ್," ಎಂದೆ.

ಅವರು ತುಂಡನ್ನು ಬೆರಳ ನಡುವೆ ತಿರುಗಿಸಿ ನೋಡಿದರು.

"ಹತ್ತು ಮಾಡುವ," ಎಂದರು. "ಕಾಲು ಸ್ವಲ್ಪ ಆಡಿಸ್ಲಿ."